ಉಕ್ಕು ತ್ಯಾಜ್ಯದಿಂದ ಜಲಶುದ್ಧೀಕರಣ ರಾಸಾಯನಿಕಗಳು

ಉಕ್ಕು ತ್ಯಾಜ್ಯದಿಂದ ಜಲಶುದ್ಧೀಕರಣ ರಾಸಾಯನಿಕಗಳ ತಯಾರಿಕೆ ಎಂದರೆ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳಲ್ಲಿ ಉಳಿಯುವ ಬಳಸಿದ ಆಮ್ಲ, ಆಕ್ಸೈಡ್ ಹಕ್ಕಳೆ, ಕುಲುಮೆಯ ಧೂಳು, ಕಿಟ್ಟ ಮೊದಲಾದವುಗಳಿಂದ ಕೊಳಚೆ ನೀರನ್ನು ಶುದ್ಧಗೊಳಿಸಲು ಬೇಕಾದ ವಸ್ತುಗಳನ್ನು ಪಡೆಯುವ ವಿಧಾನ. ಫೆರಿಕ್ ಕ್ಲೋರೈಡ್, ಫೆರಸ್ ಸಲ್ಫೇಟ್, ಫೆರಿಕ್ ಸಲ್ಫೇಟ್ ಮತ್ತು ಪಾಲಿಫೆರಿಕ್ ಸಲ್ಫೇಟ್ ಹೀಗೆ ದೊರೆಯುವ ಮುಖ್ಯ ರಾಸಾಯನಿಕಗಳು. ಕಿಟ್ಟವನ್ನು ರಂಜಕ ಹೀರುವ ಶೋಧಕವಾಗಿ ನೇರವಾಗಿಯೂ ಬಳಸಲಾಗುತ್ತದೆ. ಕಬ್ಬಿಣ ಕರಗಿರುವ ಆಮ್ಲವು ಹಾಗೆಯೇ ನದಿಗೆ ಸೇರಿದರೆ ಜಲಚರಗಳಿಗೆ ಮಾರಕ. ಅದೇ ಕಬ್ಬಿಣವನ್ನು ಪರೀಕ್ಷಿಸಿ, ಹದಗೊಳಿಸಿ, ಅಳತೆಯಲ್ಲಿ ಕೊಳಚೆ ನೀರಿಗೆ ಬೆರೆಸಿದರೆ ಅದು ನದಿಯನ್ನು ಕಾಯುವ ವಸ್ತುವಾಗುತ್ತದೆ. ಈ ಎರಡರ ನಡುವಿನ ವ್ಯತ್ಯಾಸವು ತ್ಯಾಜ್ಯದಲ್ಲಿ ಕಬ್ಬಿಣದ ಜೊತೆಗೆ ಬೇರೇನು ಬಂದಿದೆ ಎಂಬುದನ್ನು ತಿಳಿದು ನಿಯಂತ್ರಿಸುವುದರಲ್ಲಿದೆ.

## ಹಿನ್ನೆಲೆ

ಕೆರೆ ಮತ್ತು ನದಿಯ ನೀರಿನಲ್ಲಿರುವ ಸೂಕ್ಷ್ಮ ಮಣ್ಣಿನ ಕಣಗಳು ತಾವಾಗಿಯೇ ತಳಕ್ಕೆ ಇಳಿಯುವುದಿಲ್ಲ. ಅವುಗಳ ಮೇಲ್ಮೈಯಲ್ಲಿ ಋಣ ವಿದ್ಯುದಂಶವಿರುವುದರಿಂದ ಒಂದು ಕಣ ಇನ್ನೊಂದನ್ನು ದೂರ ತಳ್ಳುತ್ತಲೇ ಇರುತ್ತದೆ. ಈ ಕಣಗಳನ್ನು ಒಟ್ಟುಗೂಡಿಸಲು ಬೆರೆಸುವ ರಾಸಾಯನಿಕವನ್ನು ಹೆಪ್ಪುಕಾರಕ ಅಥವಾ ಕೋಯಾಗ್ಯುಲೆಂಟ್ ಎಂದು ಕರೆಯುತ್ತಾರೆ. ಭಾರತದ ಪಟ್ಟಣಗಳ ಕುಡಿಯುವ ನೀರಿನ ಘಟಕಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಹೆಪ್ಪುಕಾರಕ ಆಲಂ, ಅಂದರೆ ಅಲ್ಯುಮಿನಿಯಮ್ ಸಲ್ಫೇಟ್. ಮನೆಗಳಲ್ಲಿ ಬಗ್ಗಡದ ನೀರನ್ನು ತಿಳಿಗೊಳಿಸಲು ಬಳಸುತ್ತಿದ್ದ ಪಟಿಕವೂ ಇದೇ ಗುಂಪಿನ ಲವಣ.

ಕಬ್ಬಿಣದ ಲವಣಗಳು ಇದೇ ಕೆಲಸವನ್ನು ಮಾಡುತ್ತವೆ. ಅವುಗಳಲ್ಲಿ ಫೆರಸ್ ಸಲ್ಫೇಟ್ ಕನ್ನಡದಲ್ಲಿ ಅನ್ನಭೇದಿ ಎಂಬ ಹೆಸರಿನಿಂದ ಹಿಂದಿನಿಂದಲೂ ಪರಿಚಿತ. ಔಷಧಿ, ಶಾಯಿ ಮತ್ತು ಬಣ್ಣಗಾರಿಕೆಯಲ್ಲಿ ಇದರ ಬಳಕೆಯಿತ್ತು. ಗಂಧಕಾಮ್ಲದಲ್ಲಿ ಉಕ್ಕನ್ನು ತೊಳೆದಾಗ ಉಳಿಯುವ ದ್ರಾವಣವನ್ನು ತಣಿಸಿದರೆ ಇದೇ ಅನ್ನಭೇದಿಯ ತಿಳಿಹಸಿರು ಹರಳುಗಳು ದೊರೆಯುತ್ತವೆ. ಹೀಗಾಗಿ ಉಕ್ಕಿನ ಕಾರ್ಖಾನೆಯ ತ್ಯಾಜ್ಯಕ್ಕೂ ಜಲಶುದ್ಧೀಕರಣಕ್ಕೂ ಇರುವ ನಂಟು ಹೊಸದಲ್ಲ. ನದಿಗಳ ಮಾಲಿನ್ಯ ಹೆಚ್ಚಿ, ಕೊಳಚೆ ನೀರಿನಿಂದ ರಂಜಕವನ್ನು ತೆಗೆಯುವ ಅಗತ್ಯ ಕಂಡುಬಂದ ಮೇಲೆ ಈ ನಂಟಿಗೆ ಹೊಸ ಮಹತ್ವ ಬಂದಿತು.

## ಭದ್ರಾವತಿ ಮತ್ತು ಶಿವಮೊಗ್ಗ

ಕರ್ನಾಟಕದಲ್ಲಿ ಉಕ್ಕು ಮತ್ತು ನದಿಯ ಸಂಬಂಧವನ್ನು ಒಂದೇ ಊರಿನಲ್ಲಿ ಕಾಣಬಹುದಾದ ಸ್ಥಳ ಶಿವಮೊಗ್ಗ ಜಿಲ್ಲೆಯ ಭದ್ರಾವತಿ. ಹಿಂದೆ ಬೆಂಕಿಪುರ ಎಂದು ಕರೆಯಲ್ಪಡುತ್ತಿದ್ದ ಈ ಊರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ, 1918ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಯಿತು. 1923ರಲ್ಲಿ ಉತ್ಪಾದನೆ ಶುರುವಾಯಿತು. ಅದಿರು ಕೆಮ್ಮಣ್ಣುಗುಂಡಿಯಿಂದಲೂ ಸುಣ್ಣಕಲ್ಲು ಭಂಡಿಗುಡ್ಡದಿಂದಲೂ ಬರುತ್ತಿತ್ತು. ಕಲ್ಲಿದ್ದಲಿನ ಗಣಿಗಳು ದೂರವಿದ್ದುದರಿಂದ ಮಲೆನಾಡಿನ ಕಾಡಿನ ಸೌದೆಯಿಂದ ಮಾಡಿದ ಇದ್ದಿಲನ್ನು ಕುಲುಮೆಗೆ ಇಂಧನವಾಗಿ ಬಳಸಲಾಯಿತು.

ಈ ಇದ್ದಿಲಿನ ತಯಾರಿಕೆಯಲ್ಲಿಯೇ ಉಪಉತ್ಪನ್ನದ ಆರ್ಥಿಕತೆ ಅಡಗಿತ್ತು. ಸೌದೆಯನ್ನು ಬಯಲಿನಲ್ಲಿ ಸುಡುವ ಬದಲು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊರಬರುವ ಹೊಗೆಯನ್ನು ತಣಿಸಿ, ಮರದ ಆಲ್ಕೋಹಾಲ್ ಎನ್ನಲಾಗುವ ಮೆಥನಾಲ್, ಅಸಿಟೇಟ್ ಲವಣ ಮತ್ತು ಡಾಂಬರನ್ನು ಪಡೆಯುವ ಘಟಕ ಅಲ್ಲಿತ್ತು. ಹೊಗೆಯಾಗಿ ಕಳೆದುಹೋಗುತ್ತಿದ್ದುದನ್ನು ಮಾರಾಟದ ಸರಕಾಗಿಸುವ ಈ ಕ್ರಮವು ಇಂದು ತ್ಯಾಜ್ಯದ ಮರುಬಳಕೆ ಎಂದು ಕರೆಯುವ ಕಲ್ಪನೆಗೆ ಹತ್ತಿರವಾದುದು. ಮುಂದೆ ಇದೇ ಆವರಣಕ್ಕೆ ಸಿಮೆಂಟ್ ತಯಾರಿಕೆಯೂ ಸೇರಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯೂ ಭದ್ರಾವತಿಯಲ್ಲಿಯೇ ನೆಲೆಗೊಂಡಿತು.

ಕಬ್ಬಿಣದ ಕಾರ್ಖಾನೆಯು ಕ್ರಮೇಣ ಮಿಶ್ರಲೋಹದ ಉಕ್ಕು ಮತ್ತು ವಿಶೇಷ ಉಕ್ಕುಗಳತ್ತ ಹೊರಳಿತು. ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಕಾರ್ಖಾನೆಯು 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಗಿ, 1998ರಲ್ಲಿ ಅದರೊಡನೆ ವಿಲೀನವಾಯಿತು. 2023ರ ಜನವರಿಯಲ್ಲಿ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಪ್ರಕಟವಾದಾಗ ಕಾರ್ಮಿಕರು ದೀರ್ಘ ಧರಣಿ ನಡೆಸಿದರು. ಅದೇ ವರ್ಷ ಉತ್ಪಾದನೆಯ ಒಂದು ಭಾಗ ಮತ್ತೆ ಆರಂಭಗೊಂಡಿತು. ಭದ್ರಾವತಿಯಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಶಿವಮೊಗ್ಗ ನಗರದ ಸುತ್ತಮುತ್ತ ಎರಕದ ಕಾರ್ಖಾನೆಗಳು ಬೆಳೆದಿದ್ದು, ಎರಡೂ ಊರುಗಳ ನಡುವಿನ ಮಾಚೇನಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶವಿದೆ.

ಭದ್ರಾ ನದಿಯು ಲಕ್ಕವಳ್ಳಿಯ ಅಣೆಕಟ್ಟನ್ನು ದಾಟಿ ಭದ್ರಾವತಿಯ ನಡುವೆ ಹರಿದು, ಹೊಳೆಹೊನ್ನೂರಿನ ಮೂಲಕ ಸಾಗಿ ಕೂಡ್ಲಿಯಲ್ಲಿ ತುಂಗೆಯನ್ನು ಸೇರುತ್ತದೆ. ತುಂಗೆಯು ಶಿವಮೊಗ್ಗ ನಗರದ ಕೋಟೆ ಪ್ರದೇಶದ ಪಕ್ಕದಲ್ಲಿ ಹರಿದು ಅಲ್ಲಿಗೆ ಬರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದ 351 ನದಿಪಾತ್ರಗಳನ್ನು ಮಲಿನವೆಂದು ಗುರುತಿಸಿತು. ಅವುಗಳಲ್ಲಿ 17 ಕರ್ನಾಟಕದವು. ಭದ್ರಾವತಿ ಮತ್ತು ಹೊಳೆಹೊನ್ನೂರಿನ ನಡುವಿನ ಭದ್ರಾ, ಶಿವಮೊಗ್ಗ ಮತ್ತು ಕೂಡ್ಲಿಯ ನಡುವಿನ ತುಂಗಾ, ಎರಡೂ ಆ ಪಟ್ಟಿಯಲ್ಲಿವೆ. ಈ ಪಟ್ಟಿಗೆ ಆಧಾರವಾದುದು ಜೈವಿಕ ಆಮ್ಲಜನಕ ಬೇಡಿಕೆ. ಅಂದರೆ ಮುಖ್ಯವಾಗಿ ಊರಿನ ಕೊಳಚೆ ಮತ್ತು ಸಾವಯವ ತ್ಯಾಜ್ಯದ ಹೊರೆ. ಉಕ್ಕಿನ ಉದ್ಯಮವಿರುವ ಊರಿನ ಕೆಳಗಿನ ನದಿಗೆ ಬೇಕಾಗಿರುವುದು ಕೊಳಚೆ ನೀರಿನ ಉತ್ತಮ ಶುದ್ಧೀಕರಣ. ಆ ಶುದ್ಧೀಕರಣಕ್ಕೆ ನೆರವಾಗಬಲ್ಲ ಮುಖ್ಯ ಮೂಲವಸ್ತುವೆಂದರೆ ಕಬ್ಬಿಣ.

## ತ್ಯಾಜ್ಯದ ಬಗೆಗಳು

ಜಲಶುದ್ಧೀಕರಣದ ದೃಷ್ಟಿಯಿಂದ ಉಕ್ಕು ಉದ್ಯಮದ ತ್ಯಾಜ್ಯಗಳನ್ನು ಹೀಗೆ ವಿಂಗಡಿಸಬಹುದು.

ಬಳಸಿದ ಪಿಕ್ಲಿಂಗ್ ಆಮ್ಲ: ಉಕ್ಕಿನ ತಗಡು, ತಂತಿ ಅಥವಾ ಕೊಳವೆಗೆ ಸತುವಿನ ಲೇಪನ ಕೊಡುವ ಮೊದಲು ಇಲ್ಲವೇ ಅದನ್ನು ತಣ್ಣಗೆ ಎಳೆಯುವ ಮೊದಲು ಮೇಲ್ಮೈಯ ತುಕ್ಕು ಮತ್ತು ಹಕ್ಕಳೆಯನ್ನು ಹೈಡ್ರೋಕ್ಲೋರಿಕ್ ಆಮ್ಲ ಅಥವಾ ಗಂಧಕಾಮ್ಲದಲ್ಲಿ ಮುಳುಗಿಸಿ ತೆಗೆಯುತ್ತಾರೆ. ಈ ಕ್ರಿಯೆಯೇ ಪಿಕ್ಲಿಂಗ್. ಕಬ್ಬಿಣ ಕರಗಿದಂತೆ ಆಮ್ಲದ ಶಕ್ತಿ ಕುಂದುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದ ತೊಟ್ಟಿಯಲ್ಲಿ ಕಬ್ಬಿಣದ ಅಂಶ ಲೀಟರಿಗೆ ಸುಮಾರು 100ರಿಂದ 150 ಗ್ರಾಂ ಮುಟ್ಟಿದಾಗ ಅದನ್ನು ಹೊರಹಾಕಬೇಕಾಗುತ್ತದೆ. ಹೆಪ್ಪುಕಾರಕಗಳ ತಯಾರಿಕೆಗೆ ಇದೇ ಅತಿ ಮುಖ್ಯ ಕಚ್ಚಾವಸ್ತು.

ಮಿಲ್ ಸ್ಕೇಲ್: ಕೆಂಪಗೆ ಕಾದ ಉಕ್ಕನ್ನು ರೋಲಿಂಗ್ ಗಿರಣಿಯಲ್ಲಿ ಒತ್ತುವಾಗ ಉದುರುವ ಕಬ್ಬಿಣದ ಆಕ್ಸೈಡಿನ ಹಕ್ಕಳೆ. ಇದರಲ್ಲಿ ಕಬ್ಬಿಣದ ಪ್ರಮಾಣ ಬಹಳ ಹೆಚ್ಚು. ಆದರೆ ಗಿರಣಿಯ ಎಣ್ಣೆ ಅಂಟಿಕೊಂಡಿರುತ್ತದೆ.

ಕುಲುಮೆಯ ಧೂಳು: ಹೊಗೆಯನ್ನು ಶೋಧಿಸಿದಾಗ ಸಿಗುವ ನುಣ್ಣನೆಯ ಪುಡಿ. ಹಳೆಯ ಕಬ್ಬಿಣವನ್ನು ಕರಗಿಸುವ ವಿದ್ಯುತ್ ಕುಲುಮೆಗಳ ಧೂಳಿನಲ್ಲಿ ಸತು ಮತ್ತು ಸೀಸ ಹೆಚ್ಚಾಗಿರುವುದರಿಂದ ಅದು ಹೆಪ್ಪುಕಾರಕಕ್ಕೆ ಸುಲಭವಾಗಿ ಒದಗುವುದಿಲ್ಲ.

ಕಿಟ್ಟ: ಊದುಕುಲುಮೆಯ ಕಿಟ್ಟದಲ್ಲಿ ಸುಣ್ಣ, ಸಿಲಿಕಾ, ಅಲ್ಯುಮಿನಾ ಮತ್ತು ಮೆಗ್ನೀಷಿಯಾ ಇರುತ್ತವೆ. ಇದರ ಬಹುಭಾಗ ಸಿಮೆಂಟಿಗೆ ಹೋಗುತ್ತದೆ. ಉಕ್ಕಿನ ಕಿಟ್ಟದಲ್ಲಿ ಸುಣ್ಣದ ಅಂಶವೂ ಕಬ್ಬಿಣದ ಆಕ್ಸೈಡೂ ಹೆಚ್ಚು. ನೀರು ತಗುಲಿದಾಗ ಹಿಗ್ಗುವ ಸುಣ್ಣವಿರುವುದರಿಂದ ಅದನ್ನು ಕಟ್ಟಡಗಳಲ್ಲಿ ಬಳಸುವುದು ಕಷ್ಟ. ಹಾಗಾಗಿ ಅದರ ರಾಶಿ ಉಳಿದುಕೊಳ್ಳುವ ಸಂಭವ ಹೆಚ್ಚು.

## ಕಬ್ಬಿಣದ ಲವಣಗಳು ಕೆಲಸ ಮಾಡುವ ಬಗೆ

ಫೆರಿಕ್ ಕ್ಲೋರೈಡನ್ನು ನೀರಿಗೆ ಬೆರೆಸಿದಾಗ ಧನ ವಿದ್ಯುದಂಶವುಳ್ಳ ಕಬ್ಬಿಣದ ಅಯಾನುಗಳು ಬಗ್ಗಡದ ಕಣಗಳ ಋಣ ವಿದ್ಯುದಂಶವನ್ನು ತಟಸ್ಥಗೊಳಿಸುತ್ತವೆ. ಬಳಿಕ ಕಬ್ಬಿಣವು ನೀರಿನೊಡನೆ ವರ್ತಿಸಿ ಫೆರಿಕ್ ಹೈಡ್ರಾಕ್ಸೈಡ್ ಎಂಬ ಕಂದು ಬಣ್ಣದ ಲೋಳೆಯಂಥ ಪದಾರ್ಥವಾಗುತ್ತದೆ. ಇದು ಕಣಗಳನ್ನು ತನ್ನೊಳಗೆ ಸಿಕ್ಕಿಸಿಕೊಂಡು ತಳಕ್ಕೆ ಇಳಿಯುತ್ತದೆ. ಈ ಕ್ರಿಯೆಯಲ್ಲಿ ನೀರಿನ ಕ್ಷಾರತೆ ಖರ್ಚಾಗುತ್ತದೆ. 1 ಮಿಲಿಗ್ರಾಂ ಫೆರಿಕ್ ಕ್ಲೋರೈಡಿಗೆ, ಕ್ಯಾಲ್ಸಿಯಮ್ ಕಾರ್ಬೊನೇಟಿನ ಲೆಕ್ಕದಲ್ಲಿ, ಸುಮಾರು 0.92 ಮಿಲಿಗ್ರಾಂ ಕ್ಷಾರತೆ ಬೇಕು. ಮಲೆನಾಡಿನ ಹೊಳೆಗಳಂಥ ಮೆದು ನೀರಿನಲ್ಲಿ ಕ್ಷಾರತೆ ಕಡಿಮೆಯಿರುವುದರಿಂದ ಸುಣ್ಣವನ್ನೂ ಬೆರೆಸಬೇಕಾಗಬಹುದು.

ಕಬ್ಬಿಣದ ಎರಡನೆಯ ಉಪಯೋಗ ರಂಜಕವನ್ನು ತೆಗೆಯುವುದು. ಮಲಮೂತ್ರ ಮತ್ತು ಮಾರ್ಜಕಗಳಿಂದ ಬರುವ ಫಾಸ್ಫೇಟು ಕೆರೆಗಳಲ್ಲಿ ಪಾಚಿ ಮತ್ತು ಕಳೆ ಹೆಚ್ಚುವಂತೆ ಮಾಡುತ್ತದೆ. ಕೊಳಚೆ ತುಂಬಿದ ಕೆರೆಯ ಅವಸ್ಥೆಗೆ ಬೆಂಗಳೂರಿನ ಬೆಳ್ಳಂದೂರು ಕೆರೆ ಪ್ರಸಿದ್ಧ ಉದಾಹರಣೆ. ಕಬ್ಬಿಣವು ಫಾಸ್ಫೇಟಿನೊಡನೆ ಸೇರಿ ಕರಗದ ಫೆರಿಕ್ ಫಾಸ್ಫೇಟ್ ಆಗಿ ಕೆಸರಿನೊಂದಿಗೆ ಕೆಳಗಿಳಿಯುತ್ತದೆ.

ಇವಲ್ಲದೆ ಫೆರಸ್ ಲವಣಗಳಿಗೆ ಬೇರೆ ಉಪಯೋಗಗಳೂ ಇವೆ. ಒಳಚರಂಡಿಯಲ್ಲಿ ಕೊಳೆತ ಮೊಟ್ಟೆಯ ವಾಸನೆಗೆ ಕಾರಣವಾದ ಹೈಡ್ರೋಜನ್ ಸಲ್ಫೈಡನ್ನು ಅವು ಕಬ್ಬಿಣದ ಸಲ್ಫೈಡಾಗಿ ಹಿಡಿದಿಡುತ್ತವೆ. ಚರ್ಮ ಹದಮಾಡುವ ಮತ್ತು ಲೋಹಲೇಪನದ ಘಟಕಗಳ ನೀರಿನಲ್ಲಿರಬಹುದಾದ ವಿಷಕಾರಿ ಷಡ್ವೇಲೆನ್ಸಿಯ ಕ್ರೋಮಿಯಮನ್ನು ತ್ರಿವೇಲೆನ್ಸಿಯ ರೂಪಕ್ಕೆ ತರುತ್ತವೆ. ಹೈಡ್ರೋಜನ್ ಪೆರಾಕ್ಸೈಡಿನೊಡನೆ ಸೇರಿದಾಗ ಫೆಂಟನ್ ಕ್ರಿಯೆಯ ಮೂಲಕ ಬಣ್ಣದ ಕಾರ್ಖಾನೆಗಳ ಗಡಸು ಸಾವಯವ ವಸ್ತುಗಳನ್ನು ಒಡೆಯುತ್ತವೆ.

## ತಯಾರಿಕಾ ವಿಧಾನಗಳು

### ಫೆರಸ್ ಸಲ್ಫೇಟ್

ಗಂಧಕಾಮ್ಲದ ಪಿಕ್ಲಿಂಗ್ ದ್ರಾವಣವನ್ನು ಮೊದಲು ಸೋಸಿ, ಉಳಿದ ಆಮ್ಲವನ್ನು ಕಬ್ಬಿಣದ ಚೂರುಗಳೊಡನೆ ವರ್ತಿಸಲು ಬಿಟ್ಟು, ಬಳಿಕ ತಣಿಸುತ್ತಾರೆ. ತಾಪ ಇಳಿದಂತೆ ಫೆರಸ್ ಸಲ್ಫೇಟು ಕರಗುವ ಪ್ರಮಾಣ ಕಡಿಮೆಯಾಗಿ, ಏಳು ಅಣು ನೀರನ್ನು ಹೊಂದಿದ ಹಸಿರು ಹರಳುಗಳು ರೂಪುಗೊಳ್ಳುತ್ತವೆ. ಈ ಹರಳಿನ ತೂಕದಲ್ಲಿ ಕಬ್ಬಿಣ ಸುಮಾರು 20 ಶೇಕಡಾ. ಹರಳು ತೆಗೆದ ಮೇಲೆ ಉಳಿಯುವ ಆಮ್ಲವನ್ನು ಮತ್ತೆ ತೊಟ್ಟಿಗೆ ಬಳಸಬಹುದು. ಈ ವಿಧಾನ ಸರಳವಾದುದು. ಆದರೆ ಫೆರಸ್ ರೂಪದ ಕಬ್ಬಿಣ ಹೆಪ್ಪುಕಾರಕವಾಗಿ ಒಳ್ಳೆಯ ಕೆಲಸ ಮಾಡಬೇಕಾದರೆ ಅದು ನೀರಿನಲ್ಲಿ ಫೆರಿಕ್ ರೂಪಕ್ಕೆ ಬರಬೇಕು. ಅದಕ್ಕೆ ಗಾಳಿಯೂ ಹೆಚ್ಚಿನ ಪಿಎಚ್ ಮಟ್ಟವೂ ಬೇಕಾಗುತ್ತವೆ. ಗಾಳಿ ಊದುವ ತೊಟ್ಟಿಗಳಿರುವ ಕೊಳಚೆ ಘಟಕಗಳಲ್ಲಿ ಇದು ತಾನಾಗಿಯೇ ನಡೆಯುವುದರಿಂದ ಅಲ್ಲಿ ಅನ್ನಭೇದಿಯ ಬಳಕೆ ಸುಲಭ.

### ಫೆರಿಕ್ ಕ್ಲೋರೈಡ್

ಹೈಡ್ರೋಕ್ಲೋರಿಕ್ ಆಮ್ಲದ ಪಿಕ್ಲಿಂಗ್ ದ್ರಾವಣದಲ್ಲಿರುವುದು ಫೆರಸ್ ಕ್ಲೋರೈಡ್. ಉಳಿದ ಆಮ್ಲಕ್ಕೆ ಕಬ್ಬಿಣದ ಚೂರು ಅಥವಾ ಮಿಲ್ ಸ್ಕೇಲನ್ನು ಸೇರಿಸಿ ಅದನ್ನು ಖರ್ಚುಮಾಡಿಸಿ, ಸೋಸಿ, ಕ್ಲೋರಿನ್ ಅನಿಲವನ್ನು ಹಾಯಿಸಿದಾಗ ಅದು ಫೆರಿಕ್ ಕ್ಲೋರೈಡ್ ಆಗುತ್ತದೆ. ಎರಡು ಭಾಗ ಫೆರಸ್ ಕ್ಲೋರೈಡಿಗೆ ಒಂದು ಭಾಗ ಕ್ಲೋರಿನ್ ಎಂಬುದು ಅಣುಗಳ ಲೆಕ್ಕ. ತೂಕದಲ್ಲಿ ಹೇಳುವುದಾದರೆ 1 ಕಿಲೋಗ್ರಾಂ ಕಬ್ಬಿಣಕ್ಕೆ ಸುಮಾರು 0.64 ಕಿಲೋಗ್ರಾಂ ಕ್ಲೋರಿನ್ ಬೇಕು. ಮಾರುಕಟ್ಟೆಯಲ್ಲಿ ದೊರೆಯುವ ಫೆರಿಕ್ ಕ್ಲೋರೈಡ್ ದ್ರಾವಣ ಸಾಮಾನ್ಯವಾಗಿ 38ರಿಂದ 42 ಶೇಕಡಾ ಸಾಂದ್ರತೆಯದು. ಕ್ಲೋರಿನ್ ವಿಷಾನಿಲವಾದುದರಿಂದ ಅದರ ಸಿಲಿಂಡರುಗಳು, ಸೋರಿಕೆ ಪತ್ತೆಹಚ್ಚುವ ಸಾಧನ ಮತ್ತು ಅನಿಲವನ್ನು ಹೀರುವ ಕ್ಷಾರದ ಗೋಪುರ ಈ ಘಟಕದ ಅನಿವಾರ್ಯ ಭಾಗಗಳು. ಹೈಡ್ರೋಜನ್ ಪೆರಾಕ್ಸೈಡನ್ನು ಬಳಸಿದರೆ ಈ ಅಪಾಯ ತಪ್ಪುತ್ತದೆ. ಆದರೆ ವೆಚ್ಚ ಹೆಚ್ಚು.

### ಪಾಲಿಫೆರಿಕ್ ಸಲ್ಫೇಟ್

ಫೆರಸ್ ಸಲ್ಫೇಟಿನ ಆಮ್ಲೀಯ ದ್ರಾವಣಕ್ಕೆ ಆಮ್ಲಜನಕವನ್ನು ಹಾಯಿಸಿ, ನೈಟ್ರೈಟಿನಂಥ ವೇಗವರ್ಧಕದ ನೆರವಿನಿಂದ ಫೆರಿಕ್ ಸಲ್ಫೇಟನ್ನು ಪಡೆಯಬಹುದು. ಆಮ್ಲದ ಪ್ರಮಾಣವನ್ನು ಬೇಕೆಂದೇ ಕಡಿಮೆಯಿಟ್ಟರೆ ಹಲವು ಕಬ್ಬಿಣದ ಅಯಾನುಗಳು ಸೇರಿ ಸರಪಣಿಯಂತಾಗಿ ಪಾಲಿಫೆರಿಕ್ ಸಲ್ಫೇಟ್ ಉಂಟಾಗುತ್ತದೆ. ಇದು ನೀರಿನ ಪಿಎಚ್ ಮಟ್ಟವನ್ನು ಕಡಿಮೆ ಇಳಿಸುತ್ತದೆ, ಬೇಗ ದೊಡ್ಡ ಉಂಡೆಗಳನ್ನು ಕಟ್ಟುತ್ತದೆ.

### ಕಿಟ್ಟದ ಬಳಕೆ

ಕಿಟ್ಟವನ್ನು ಜಲ್ಲಿಯ ಗಾತ್ರಕ್ಕೆ ಒಡೆದು, ಕೊಳಚೆ ನೀರು ಅದರ ಮೂಲಕ ಹಾಯುವಂತೆ ಮಾಡಿದರೆ ಅದರಲ್ಲಿರುವ ಸುಣ್ಣ ಮತ್ತು ಕಬ್ಬಿಣ ಫಾಸ್ಫೇಟನ್ನು ಹಿಡಿದಿಡುತ್ತವೆ. ಕಿಟ್ಟವನ್ನು ಆಮ್ಲದಲ್ಲಿ ಕರಗಿಸಿ ಅಲ್ಯುಮಿನಿಯಮ್, ಕಬ್ಬಿಣ ಮತ್ತು ಸಿಲಿಕೇಟುಗಳ ಮಿಶ್ರ ಹೆಪ್ಪುಕಾರಕವನ್ನು ಮಾಡುವ ವಿಧಾನಗಳೂ ಇವೆ. ಬಳಸಿದ ಪಿಕ್ಲಿಂಗ್ ಆಮ್ಲವನ್ನೇ ಇದಕ್ಕೆ ಉಪಯೋಗಿಸಿದರೆ ಒಂದು ತ್ಯಾಜ್ಯದ ಆಮ್ಲೀಯತೆಯನ್ನು ಇನ್ನೊಂದು ತ್ಯಾಜ್ಯದ ಸುಣ್ಣವು ತಗ್ಗಿಸಿದಂತಾಗುತ್ತದೆ.

## ಪ್ರಮಾಣದ ಲೆಕ್ಕ

ಒಂದು ಪಟ್ಟಣಕ್ಕೆ ಎಷ್ಟು ಕಬ್ಬಿಣ ಬೇಕಾಗಬಹುದು ಎಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ದಿನಕ್ಕೆ 1 ಕೋಟಿ ಲೀಟರ್ ಕೊಳಚೆ ನೀರು ಬರುವ ಘಟಕವಿದ್ದು, ಆ ನೀರಿನಲ್ಲಿ ಲೀಟರಿಗೆ 6 ಮಿಲಿಗ್ರಾಂ ರಂಜಕವಿದೆ ಎಂದಿಟ್ಟುಕೊಳ್ಳೋಣ. ಆಗ ದಿನಕ್ಕೆ ಬರುವ ರಂಜಕ 60 ಕಿಲೋಗ್ರಾಂ. 1 ಕಿಲೋಗ್ರಾಂ ರಂಜಕಕ್ಕೆ ಸಿದ್ಧಾಂತದ ಪ್ರಕಾರ 1.8 ಕಿಲೋಗ್ರಾಂ ಕಬ್ಬಿಣ ಬೇಕು. ಕಬ್ಬಿಣದ ಒಂದು ಭಾಗ ಹೈಡ್ರಾಕ್ಸೈಡಾಗಿ ಹೋಗುವುದರಿಂದ ರೂಢಿಯಲ್ಲಿ ಇದಕ್ಕಿಂತ ಹೆಚ್ಚು ಬಳಸುತ್ತಾರೆ. ಎರಡರಷ್ಟು ಎಂದು ಹಿಡಿದರೆ ದಿನಕ್ಕೆ ಸುಮಾರು 216 ಕಿಲೋಗ್ರಾಂ ಕಬ್ಬಿಣವಾಗುತ್ತದೆ.

ಇಷ್ಟು ಕಬ್ಬಿಣವು 40 ಶೇಕಡಾ ಫೆರಿಕ್ ಕ್ಲೋರೈಡಿನ ಸುಮಾರು 1,570 ಕಿಲೋಗ್ರಾಂ ದ್ರಾವಣದಲ್ಲಿರುತ್ತದೆ. ಲೀಟರಿಗೆ 120 ಗ್ರಾಂ ಕಬ್ಬಿಣವಿರುವ ಬಳಸಿದ ಆಮ್ಲವಾದರೆ 1,800 ಲೀಟರ್ ಬೇಕು. ಪಿಕ್ಲಿಂಗ್ ಮಾಡುವಾಗ ಒಂದು ಟನ್ ಉಕ್ಕಿನಿಂದ 4 ಕಿಲೋಗ್ರಾಂ ಕಬ್ಬಿಣ ಕರಗುತ್ತದೆ ಎಂದು ಹಿಡಿದರೆ, ದಿನಕ್ಕೆ 54 ಟನ್ ಉಕ್ಕನ್ನು ತೊಳೆಯುವ ಘಟಕದ ತ್ಯಾಜ್ಯವು ಈ ಪಟ್ಟಣಕ್ಕೆ ಸಾಕಾಗುತ್ತದೆ. ಅಂದರೆ ಒಂದು ಮಧ್ಯಮ ಗಾತ್ರದ ತಂತಿ ಅಥವಾ ಕೊಳವೆ ಕಾರ್ಖಾನೆ ಮತ್ತು ಒಂದು ಸಣ್ಣ ನಗರ ಪರಸ್ಪರ ಸರಿಹೊಂದುವ ಪ್ರಮಾಣದಲ್ಲಿವೆ.

## ನಿದರ್ಶನಗಳು

ಅಮೆರಿಕದ ಮಿಲ್ವಾಕಿ ನಗರದ ಜೋನ್ಸ್ ಐಲೆಂಡ್ ಕೊಳಚೆ ಘಟಕದಲ್ಲಿ 1970ರಲ್ಲಿ ಸ್ಥಳೀಯ ಉಕ್ಕಿನ ಕಾರ್ಖಾನೆಯ ಬಳಸಿದ ಪಿಕ್ಲಿಂಗ್ ಆಮ್ಲವನ್ನು ರಂಜಕ ತೆಗೆಯಲು ಉಪಯೋಗಿಸುವ ಪ್ರಯೋಗ ನಡೆಯಿತು. ನಗರವು ಮಿಷಿಗನ್ ಸರೋವರದ ದಡದಲ್ಲಿದ್ದು, ಸರೋವರದಲ್ಲಿ ಪಾಚಿ ಹೆಚ್ಚದಂತೆ ತಡೆಯಬೇಕಾಗಿತ್ತು. ಆಮ್ಲವನ್ನು ಗಾಳಿ ಊದುವ ತೊಟ್ಟಿಗಳಿಗೆ ಬಿಟ್ಟಾಗ ಫೆರಸ್ ಕಬ್ಬಿಣವು ಅಲ್ಲಿಯೇ ಫೆರಿಕ್ ಆಗಿ ಫಾಸ್ಫೇಟನ್ನು ಹಿಡಿಯಿತು. ಈ ಘಟಕದ ಒಣಗಿಸಿದ ಕೆಸರು 1920ರ ದಶಕದಿಂದಲೂ ಮಿಲೋರ್ಗನೈಟ್ ಎಂಬ ಹೆಸರಿನ ಗೊಬ್ಬರವಾಗಿ ಮಾರಾಟವಾಗುತ್ತಿದ್ದು, ಅದರಲ್ಲಿ ಕಬ್ಬಿಣದ ಅಂಶ ಗಣನೀಯವಾಗಿದೆ.

ನ್ಯೂಜಿಲೆಂಡಿನ ವೈಯುಕು ಪಟ್ಟಣದಲ್ಲಿ 1993ರಿಂದ ಹತ್ತಿರದ ಗ್ಲೆನ್‌ಬ್ರೂಕ್ ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ತುಂಬಿದ ಶೋಧಕಗಳ ಮೂಲಕ ಕೊಳಚೆ ನೀರನ್ನು ಹಾಯಿಸಲಾಯಿತು. ಮೊದಲ ಐದು ವರ್ಷ ಈ ಶೋಧಕಗಳು ರಂಜಕದ ಬಹುಭಾಗವನ್ನು ಹಿಡಿದವು. ಅನಂತರ ಅವುಗಳ ಸಾಮರ್ಥ್ಯ ಕುಸಿಯಿತು. ಕಿಟ್ಟದ ಶೋಧಕಕ್ಕೂ ಆಯುಷ್ಯವಿದೆ, ಅದು ಮುಗಿದ ಮೇಲೆ ಬದಲಿಸುವ ಯೋಜನೆ ಮೊದಲೇ ಇರಬೇಕು ಎಂಬುದು ಈ ನಿದರ್ಶನದ ಪಾಠ.

## ಶುದ್ಧತೆ ಮತ್ತು ಅಪಾಯಗಳು

ತ್ಯಾಜ್ಯದಿಂದ ಮಾಡಿದ ಹೆಪ್ಪುಕಾರಕದ ಗುಣಮಟ್ಟವು ಯಾವ ಉಕ್ಕನ್ನು ತೊಳೆಯಲಾಗಿದೆ ಎಂಬುದರ ಮೇಲೆ ನಿಂತಿದೆ. ಸಾಧಾರಣ ಇಂಗಾಲದ ಉಕ್ಕಿನಿಂದ ಬಂದ ಆಮ್ಲದಲ್ಲಿ ಕಬ್ಬಿಣವೇ ಪ್ರಧಾನ. ಮಿಶ್ರಲೋಹದ ಉಕ್ಕಾದರೆ ಕ್ರೋಮಿಯಮ್, ನಿಕಲ್, ಮ್ಯಾಂಗನೀಸ್ ಮತ್ತು ಮಾಲಿಬ್ಡಿನಮ್ ಸೇರಿಕೊಳ್ಳುತ್ತವೆ. ತುಕ್ಕುಹಿಡಿಯದ ಉಕ್ಕನ್ನು ನೈಟ್ರಿಕ್ ಮತ್ತು ಹೈಡ್ರೋಫ್ಲೋರಿಕ್ ಆಮ್ಲಗಳ ಮಿಶ್ರಣದಲ್ಲಿ ತೊಳೆಯುವುದರಿಂದ ಫ್ಲೋರೈಡೂ ಬರುತ್ತದೆ. ಆ ದ್ರಾವಣ ಈ ಉದ್ದೇಶಕ್ಕೆ ಯೋಗ್ಯವಲ್ಲ. ಸತು ಲೇಪನದ ಘಟಕಗಳಲ್ಲಿ ಲೇಪನ ಕೆಟ್ಟ ವಸ್ತುಗಳನ್ನು ಅದೇ ತೊಟ್ಟಿಯಲ್ಲಿ ತೊಳೆದರೆ ಆಮ್ಲದಲ್ಲಿ ಸತು ಹೆಚ್ಚುತ್ತದೆ. ಪ್ರತ್ಯೇಕ ತೊಟ್ಟಿಯಿಟ್ಟುಕೊಳ್ಳುವುದೇ ಇದಕ್ಕೆ ಅಗ್ಗದ ಪರಿಹಾರ. ವಿಶೇಷ ಉಕ್ಕಿಗೆ ಹೆಸರಾದ ಭದ್ರಾವತಿಯಂಥ ಊರಿನಲ್ಲಿ ಈ ವಿಂಗಡಣೆಗೆ ಹೆಚ್ಚಿನ ಮಹತ್ವವಿದೆ. ಅಲ್ಲಿ ಒಂದು ದಿನ ತೊಳೆದ ಉಕ್ಕು ಮರುದಿನದ ಉಕ್ಕಿಗಿಂತ ಬೇರೆ ಮಿಶ್ರಣದ್ದಾಗಿರಬಹುದು.

ಕಲ್ಮಶದ ಪರಿಣಾಮವನ್ನು ಲೆಕ್ಕ ಹಾಕುವುದು ಸುಲಭ. ಹೆಪ್ಪುಕಾರಕದ 1 ಕಿಲೋಗ್ರಾಮಿನಲ್ಲಿ 100 ಮಿಲಿಗ್ರಾಂ ಸೀಸವಿದ್ದು, ಲೀಟರ್ ನೀರಿಗೆ 50 ಮಿಲಿಗ್ರಾಂ ಹೆಪ್ಪುಕಾರಕ ಬೆರೆಸಿದರೆ, ಲೀಟರಿಗೆ ಸೇರುವ ಸೀಸ 0.005 ಮಿಲಿಗ್ರಾಂ. ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಂದರೆ ಹೆಪ್ಪುಕಾರಕವೊಂದೇ ಮಿತಿಯ ಅರ್ಧದಷ್ಟನ್ನು ತರಬಲ್ಲದು. ಇದರ ಬಹುಭಾಗ ಕೆಸರಿಗೆ ಇಳಿಯುತ್ತದೆ ನಿಜ. ಆದರೆ ಆ ಕೆಸರು ಹೊಲಕ್ಕೆ ಗೊಬ್ಬರವಾಗಿ ಹೋದರೆ ಲೋಹವೂ ಹೊಲಕ್ಕೆ ಹೋಗುತ್ತದೆ. ಈ ಕಾರಣದಿಂದ ತ್ಯಾಜ್ಯಮೂಲದ ಹೆಪ್ಪುಕಾರಕಗಳನ್ನು ಸಾಮಾನ್ಯವಾಗಿ ಕೊಳಚೆ ಮತ್ತು ಕೈಗಾರಿಕಾ ನೀರಿಗೆ ಸೀಮಿತಗೊಳಿಸುತ್ತಾರೆ. ಕುಡಿಯುವ ನೀರಿಗೆ ಬಳಸುವ ಫೆರಿಕ್ ಕ್ಲೋರೈಡಿಗೆ ಯುರೋಪಿನಲ್ಲಿ ಇಎನ್ 888 ಎಂಬ ಮಾನದಂಡವಿದ್ದು, ಭಾರಲೋಹಗಳ ಪ್ರಮಾಣಕ್ಕೆ ಅನುಗುಣವಾಗಿ ದರ್ಜೆಗಳನ್ನು ಗೊತ್ತುಪಡಿಸಲಾಗಿದೆ.

ಕಿಟ್ಟದ ಶೋಧಕಗಳಿಂದ ಹೊರಬರುವ ನೀರು ಆರಂಭದಲ್ಲಿ ಬಹಳ ಕ್ಷಾರೀಯವಾಗಿದ್ದು, ಪಿಎಚ್ ಮಟ್ಟ 11ನ್ನು ಮೀರಬಹುದು. ಅದನ್ನು ತಟಸ್ಥಗೊಳಿಸದೆ ಹೊಳೆಗೆ ಬಿಡುವಂತಿಲ್ಲ. ಕೆಲವು ಕಿಟ್ಟಗಳಿಂದ ವೆನೇಡಿಯಮ್ ಮತ್ತು ಕ್ರೋಮಿಯಮ್ ಜಿನುಗುವ ಸಾಧ್ಯತೆಯನ್ನೂ ಪರೀಕ್ಷಿಸಬೇಕು.

ಫೆರಿಕ್ ಕ್ಲೋರೈಡ್ ದ್ರಾವಣವು ಲೋಹವನ್ನು ತಿನ್ನುವ ಗುಣದ್ದು. ಚರ್ಮ ಮತ್ತು ಕಣ್ಣಿಗೆ ಅಪಾಯಕಾರಿ. ಅದನ್ನು ರಬ್ಬರ್ ಲೇಪನದ ಅಥವಾ ಪ್ಲಾಸ್ಟಿಕ್ ಟ್ಯಾಂಕುಗಳಲ್ಲಿ ಇಡಬೇಕು. ಆಮ್ಲವು ಕಬ್ಬಿಣದೊಡನೆ ವರ್ತಿಸುವಾಗ ಹೈಡ್ರೋಜನ್ ಹೊರಬರುವುದರಿಂದ ಗಾಳಿಯಾಡುವ ವ್ಯವಸ್ಥೆಯೂ ಬೆಂಕಿಯ ಬಗ್ಗೆ ಎಚ್ಚರವೂ ಅಗತ್ಯ.

## ಕಾನೂನು

ಭಾರತದಲ್ಲಿ ಬಳಸಿದ ಪಿಕ್ಲಿಂಗ್ ಆಮ್ಲವನ್ನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಲಾಗಿದೆ. 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿರ್ವಹಣೆ ಮತ್ತು ಗಡಿಯಾಚೆಯ ಸಾಗಣೆ ನಿಯಮಗಳು ಇದಕ್ಕೆ ಅನ್ವಯಿಸುತ್ತವೆ. ತ್ಯಾಜ್ಯವನ್ನು ಕಾರ್ಖಾನೆಯ ಆವರಣದಲ್ಲಿ ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ಅದೇ ನಿಯಮಗಳ ಒಂಬತ್ತನೆಯ ನಿಯಮವು ತ್ಯಾಜ್ಯವನ್ನು ಸಂಪನ್ಮೂಲವಾಗಿ ಬಳಸಲು ಅವಕಾಶ ಕೊಡುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕಾರ್ಯವಿಧಾನಕ್ಕೆ ಅನುಗುಣವಾಗಿ ರಾಜ್ಯ ಮಂಡಳಿಯು ಅನುಮತಿ ನೀಡುತ್ತದೆ. ಸಾಗಣೆಯ ಪ್ರತಿ ಹಂತಕ್ಕೂ ದಾಖಲೆ ಪತ್ರವಿರಬೇಕು. ಕರ್ನಾಟಕದಲ್ಲಿ ಈ ಹೊಣೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಇದು 1974ರ ಜಲ ಮಾಲಿನ್ಯ ನಿಯಂತ್ರಣ ಕಾಯಿದೆಯ ಅನ್ವಯ ಅದೇ ವರ್ಷ ರಚನೆಯಾಯಿತು.

ಅನುಮತಿಯಿಲ್ಲದೆ ಆಮ್ಲವನ್ನು ನೇರವಾಗಿ ಚರಂಡಿಗೆ ಸುರಿದು ಅದನ್ನು ಮರುಬಳಕೆ ಎಂದು ಹೇಳಿಕೊಳ್ಳುವುದನ್ನು ತಡೆಯುವುದೇ ಈ ದಾಖಲೆಗಳ ಉದ್ದೇಶ. ಉತ್ಪನ್ನದ ಪ್ರತಿ ತಂಡಕ್ಕೂ ಲೋಹಗಳ ಪರೀಕ್ಷಾ ವರದಿ ಇಲ್ಲದಿದ್ದರೆ, ಮರುಬಳಕೆಯು ಮಾಲಿನ್ಯವನ್ನು ಒಂದು ಸ್ಥಳದಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸವಾಗಿಬಿಡುತ್ತದೆ.

## ಪರ್ಯಾಯಗಳು ಮತ್ತು ಮಿತಿಗಳು

ದೊಡ್ಡ ಉಕ್ಕಿನ ಕಾರ್ಖಾನೆಗಳು ಬಳಸಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಸಿ ಗೋಪುರದಲ್ಲಿ ಸಿಂಪಡಿಸಿ, ಆಮ್ಲವನ್ನು ಮರಳಿ ಪಡೆದು, ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿಯನ್ನು ಬಣ್ಣ ಮತ್ತು ಅಯಸ್ಕಾಂತಗಳ ಉದ್ಯಮಕ್ಕೆ ಮಾರುತ್ತವೆ. ಈ ಆಮ್ಲ ಪುನರುತ್ಪಾದನಾ ಘಟಕಕ್ಕೆ ಭಾರೀ ಬಂಡವಾಳ ಮತ್ತು ಇಂಧನ ಬೇಕು. ತಂತಿ, ಕೊಳವೆ ಮತ್ತು ಸತು ಲೇಪನದ ಸಣ್ಣ ಘಟಕಗಳಿಗೆ ಅದು ನಿಲುಕುವುದಿಲ್ಲ. ಅವು ಸುಣ್ಣದಿಂದ ಆಮ್ಲವನ್ನು ತಟಸ್ಥಗೊಳಿಸಿದರೆ ಕಬ್ಬಿಣದ ಹೈಡ್ರಾಕ್ಸೈಡಿನ ಕೆಸರು ಉಳಿದು, ಅದನ್ನು ಸುರಕ್ಷಿತ ಭೂಭರ್ತಿಗೆ ಸಾಗಿಸುವ ವೆಚ್ಚ ಬೀಳುತ್ತದೆ. ಹೆಪ್ಪುಕಾರಕದ ತಯಾರಿಕೆ ಮುಖ್ಯವಾಗಿ ಇಂಥ ಘಟಕಗಳಿಗೆ ಒದಗುವ ದಾರಿ.

ಸಾಗಣೆ ಇದರ ದೊಡ್ಡ ಮಿತಿ. ಬಳಸಿದ ಆಮ್ಲದ ಹೆಚ್ಚಿನ ತೂಕ ನೀರಿನದು. ನೂರಾರು ಕಿಲೋಮೀಟರ್ ಸಾಗಿಸಿದರೆ ಕಚ್ಚಾವಸ್ತು ಪುಕ್ಕಟೆಯಾಗಿ ಸಿಕ್ಕರೂ ಲಾಭ ಉಳಿಯುವುದಿಲ್ಲ. ಆದ್ದರಿಂದ ಆಮ್ಲ ಹುಟ್ಟುವ ಸ್ಥಳ, ಅದನ್ನು ಹದಗೊಳಿಸುವ ಘಟಕ ಮತ್ತು ಕೊಳಚೆ ಶುದ್ಧೀಕರಣ ಕೇಂದ್ರ ಹತ್ತಿರ ಹತ್ತಿರ ಇರುವ ಪ್ರದೇಶಗಳಿಗೆ ಈ ವಿಧಾನ ಹೊಂದುತ್ತದೆ. ಲೋಹದ ಕೆಲಸವೂ ನದಿಗಳೂ ಎರಡು ನಗರಗಳೂ 20 ಕಿಲೋಮೀಟರ್ ಅಂತರದಲ್ಲಿರುವ ಶಿವಮೊಗ್ಗ ಮತ್ತು ಭದ್ರಾವತಿಯಂಥ ಪ್ರದೇಶಗಳ ಅನುಕೂಲ ಇದೇ. ಇಲ್ಲಿಯೂ ಮಿಶ್ರಲೋಹದ ಉಕ್ಕಿನ ಆಮ್ಲವನ್ನು ಬೇರ್ಪಡಿಸಿದಾಗ ಮಾತ್ರ ಆ ಅನುಕೂಲ ದಕ್ಕುತ್ತದೆ.

ಕೆಸರಿನ ಪ್ರಮಾಣ ಹೆಚ್ಚುವುದು ಇನ್ನೊಂದು ಮಿತಿ. ರಂಜಕದೊಡನೆ ಸೇರದೆ ಉಳಿದ ಪ್ರತಿ ಕಿಲೋಗ್ರಾಂ ಕಬ್ಬಿಣವು ಒಣತೂಕದಲ್ಲಿ ಸುಮಾರು 1.9 ಕಿಲೋಗ್ರಾಂ ಹೈಡ್ರಾಕ್ಸೈಡ್ ಕೆಸರಾಗುತ್ತದೆ. ಈ ಕೆಸರನ್ನು ಗಾಳಿಯಿಲ್ಲದ ತೊಟ್ಟಿಯಲ್ಲಿ ಕೊಳೆಸಿದಾಗ ವಿವಿಯನೈಟ್ ಎಂಬ ಕಬ್ಬಿಣದ ಫಾಸ್ಫೇಟ್ ಖನಿಜ ಉಂಟಾಗುತ್ತದೆ. ಅಯಸ್ಕಾಂತದಿಂದ ಅದನ್ನು ಬೇರ್ಪಡಿಸಿ ರಂಜಕವನ್ನು ಮರಳಿ ಪಡೆಯುವ ಪ್ರಯತ್ನಗಳು ನಡೆದಿವೆ. ರಸಗೊಬ್ಬರಕ್ಕೆ ಬೇಕಾದ ಶಿಲಾ ಫಾಸ್ಫೇಟಿನ ಬಹುಭಾಗವನ್ನು ಭಾರತ ಆಮದು ಮಾಡಿಕೊಳ್ಳುವುದರಿಂದ, ಕೊಳಚೆಯಿಂದ ಹಿಡಿದ ರಂಜಕಕ್ಕೂ ಬೆಲೆಯಿದೆ.

ಕಬ್ಬಿಣದ ಹೆಪ್ಪುಕಾರಕವು ಕೊಳಚೆ ಶುದ್ಧೀಕರಣಕ್ಕೆ ಪೂರಕವೇ ಹೊರತು ಬದಲಿಯಲ್ಲ. ಕರಗಿದ ಸಾವಯವ ವಸ್ತುವನ್ನು ಒಡೆಯುವ ಕೆಲಸ ಬ್ಯಾಕ್ಟೀರಿಯಾಗಳದು. ಒಳಚರಂಡಿಯ ಜಾಲ ಪೂರ್ಣಗೊಳ್ಳದೆ ಮನೆಗಳ ಕೊಳಚೆ ರಾಜಕಾಲುವೆಯ ಮೂಲಕ ನೇರವಾಗಿ ಹೊಳೆ ಸೇರುತ್ತಿದ್ದರೆ, ಘಟಕದಲ್ಲಿ ಎಷ್ಟು ಒಳ್ಳೆಯ ಹೆಪ್ಪುಕಾರಕವಿದ್ದರೂ ಆ ನೀರಿಗೆ ಅದು ತಲುಪುವುದಿಲ್ಲ.